ಇಪ್ಪತ್ತೊಂಬತ್ತು ಸೊನ್ನೆಗಳು ಮತ್ತು ನಮ್ಮ ಮನೆಯ ಕಾರ್ಡ್‌ಲೆಸ್ ಫೋನು

ಹೋದ ವಾರ ತಂಗಿ ಫೋನ್ ಮಾಡಿ, "ಅಕ್ಕಾ, ನಿಮ್ಮ ಮನೆಯಲ್ಲಿರುವಂಥದ್ದೇ ಕಾರ್ಡ್‌ಲೆಸ್ ಫೋನು ಇಲ್ಲಿ ಅಂಗಡಿಗೆ ಬಂದಿದೆ, ತರಲೇ?" ಎಂದು ಕೇಳಿದಳು. ತಾ ಎನ್ನಲು ಬಾಯಿ ತೆರೆದವಳಿಗೆ ಆ ಇಪ್ಪತ್ತೊಂಬತ್ತು ಸೊನ್ನೆಗಳು ನೆನಪಾದವು. "ಒಂದು ದಿನ ತಡಿ, ಬರೆದು ಕಳಿಸುತ್ತೇನೆ" ಎಂದೆ. ಅವಳಿಗೆ ಬರೆದದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ.

ನಮ್ಮದು ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ಒಳಗಿನ ಊರು. ಮೊಬೈಲ್ ಸಿಗ್ನಲ್ ಬೇಕೆಂದರೆ ಮನೆಯ ಹಿಂದಿನ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಗುಡ್ಡ ಹತ್ತಿದರೂ ಸಿಗುವುದು ಉಂಬಳ ಮಾತ್ರ. ಹಾಗಾಗಿ ಊರಿನ ಅರ್ಧ ಮನೆಗಳಲ್ಲಿ ಇನ್ನೂ ಸ್ಥಿರ ದೂರವಾಣಿ ಇದೆ. 2016ರಲ್ಲಿ ಮಾವನವರು ಪೇಟೆಯಿಂದ ಈ ಕಾರ್ಡ್‌ಲೆಸ್ ಫೋನನ್ನು ತಂದರು. ಎರಡು ಸಾವಿರದ ಚಿಲ್ಲರೆ ಕೊಟ್ಟ ನೆನಪು. ಕಂಪನಿಯ ಹೆಸರು ಬೇಡ. ಹೆಸರುವಾಸಿಯೇ, ಅಷ್ಟು ಸಾಕು.

ಮೊದಲು ಒಳ್ಳೆಯ ಮಾತು. ಧ್ವನಿ ಶುದ್ಧವಾಗಿದೆ. ಜಂಬಿಟ್ಟಿಗೆಯ ಎರಡು ಗೋಡೆ ದಾಟಿ ಕೊಟ್ಟಿಗೆಯವರೆಗೂ ಕೇಳಿಸುತ್ತದೆ, ಅಂಗಳದ ಅಡಿಕೆ ಅಟ್ಟದ ಮೇಲೆ ನಿಂತೂ ಮಾತನಾಡಬಹುದು. ತೋಟಕ್ಕೆ ಇಳಿದರೆ ಮಾತ್ರ ಗೊರಗೊರ ಎಂದು ನಿಲ್ಲುತ್ತದೆ. ಒಳಗಿರುವುದು ಎರಡು ಸಣ್ಣ ಸೆಲ್‌ಗಳು, ಚಾರ್ಜ್ ಆಗುವಂಥವು, ಯಾವ ಅಂಗಡಿಯಲ್ಲೂ ಸಿಗುತ್ತವೆ. ಇಷ್ಟು ವರ್ಷಗಳಲ್ಲಿ ಒಮ್ಮೆ ಬದಲಾಯಿಸಿದ್ದೇವೆ. ಕರೆಂಟ್ ಹೋದರೆ ಕೆಳಗಿನ ಪೀಠ ಸಾಯುತ್ತದೆ, ಪೀಠ ಸತ್ತರೆ ಫೋನೂ ಸತ್ತಂತೆ. ಹಾಗಾಗಿ ಜಗುಲಿಯಲ್ಲಿ ಹಳೆಯ ತಂತಿ ಫೋನನ್ನೂ ಇಟ್ಟುಕೊಂಡಿದ್ದೇವೆ. ಅದಕ್ಕೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದ ತಂತಿಯಲ್ಲೇ ಬರುತ್ತದೆ, ನಮ್ಮ ಮನೆಯ ಕರೆಂಟಿನ ಹಂಗು ಅದಕ್ಕಿಲ್ಲ. ಗುಡುಗು ಶುರುವಾದರೆ ಎರಡರ ತಂತಿಯನ್ನೂ ಕಿತ್ತಿಡುತ್ತೇವೆ. ಇದು ಮಲೆನಾಡಿನ ಎಲ್ಲರಿಗೂ ಗೊತ್ತಿರುವ ಸಂಗತಿ.

ಇನ್ನು ಸೊನ್ನೆಯ ಕಥೆ.

2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಹತ್ತು ಅಂಕಿಗಳ ಮೊದಲು ಸೊನ್ನೆ ಸೇರಿಸುವುದು ದೇಶಕ್ಕೆಲ್ಲ ಕಡ್ಡಾಯವಾಯಿತು. ಅದಕ್ಕಿಂತ ಮೊದಲು ಬೇರೆ ರಾಜ್ಯದ ಮೊಬೈಲುಗಳಿಗೆ ಮಾತ್ರ ಸೊನ್ನೆ ಬೇಕಿತ್ತು. ಮೊಬೈಲಿನಿಂದ ಮೊಬೈಲಿಗೆ, ಮೊಬೈಲಿನಿಂದ ಸ್ಥಿರ ದೂರವಾಣಿಗೆ, ಸ್ಥಿರದಿಂದ ಸ್ಥಿರಕ್ಕೆ ಏನೂ ಬದಲಾಗಲಿಲ್ಲ. ಅದಕ್ಕೇ ಬೆಂಗಳೂರಿನಲ್ಲಿರುವ ನನ್ನ ಮಗನಿಗೆ ಇಂಥದ್ದೊಂದು ಬದಲಾವಣೆ ಆಗಿದೆ ಎಂಬುದೇ ತಿಳಿದಿರಲಿಲ್ಲ. ಅವನ ಲೋಕದಲ್ಲಿ ಎಲ್ಲ ಹೆಸರುಗಳೂ ಮೊಬೈಲಿನಲ್ಲಿ ಸುಖವಾಗಿ ಕುಳಿತಿದ್ದವು.

ಕಾರಣ ಇಷ್ಟೇ. ನಮ್ಮಲ್ಲಿ ಸ್ಥಿರ ದೂರವಾಣಿಯ ಸಂಖ್ಯೆ ಊರಿನ ಕೋಡ್ ಸೇರಿ ಹತ್ತು ಅಂಕಿ: ಬೆಂಗಳೂರಿನ 80 ಆದ ಮೇಲೆ ಎಂಟು, ಶಿರಸಿಯ 8384 ಆದ ಮೇಲೆ ಆರು. ಊರೊಳಗೆ ಕರೆ ಮಾಡುವಾಗ ಕೋಡ್ ಬೇಡ, ಆರೇ ಅಂಕಿ ಸಾಕು. ನಾವು ಮೊದಲ ಅಂಕಿ ಒತ್ತಿದ ಕೂಡಲೇ ಇದು ಊರೊಳಗಿನದೋ ಮೊಬೈಲೋ ಎಂದು ಎಕ್ಸ್‌ಚೇಂಜು ತೀರ್ಮಾನಿಸಬೇಕು. ಹಾಗಾಗಿ ಊರೊಳಗಿನ ಸಂಖ್ಯೆಗಳು ಶುರುವಾಗುವ 2, 3, 4ರಂಥ ಅಂಕಿಗಳನ್ನು ಮೊಬೈಲಿಗೆ ಕೊಡುವಂತಿರಲಿಲ್ಲ. ಮೊದಲೇ ಸೊನ್ನೆ ಬಂದರೆ ಆ ಗೊಂದಲ ಇಲ್ಲ. ಇದರಿಂದ 254 ಕೋಟಿಗೂ ಹೆಚ್ಚು ಹೊಸ ಸಂಖ್ಯೆಗಳಿಗೆ ದಾರಿಯಾಗುತ್ತದೆ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಇದನ್ನು ಶಿಫಾರಸು ಮಾಡಿದ್ದು 2020ರ ಮೇ 29ರಂದು. ಮೊಬೈಲ್ ಸಂಖ್ಯೆಗೇ ಹನ್ನೊಂದು ಅಂಕಿಯಾಗುತ್ತದೆಯಂತೆ ಎಂಬ ಸುದ್ದಿ ಹಬ್ಬಿ, ಹಾಗೇನೂ ಇಲ್ಲ ಎಂದು ಪ್ರಾಧಿಕಾರವೇ ಹೇಳಬೇಕಾಯಿತು. ನಮ್ಮೂರಿನ ಹಾಲಿನ ಡೈರಿಯ ಕಟ್ಟೆಯಲ್ಲಿ ಮಾತ್ರ ಅದು ಇನ್ನೂ ಆರು ತಿಂಗಳು ಬದುಕಿತ್ತು.

ಸಂಕ್ರಾಂತಿ ಮುಗಿದ ಮರುದಿನ. ಕೊಯ್ಲಿನ ಕಾಲ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಎಷ್ಟು ಹೊತ್ತಿಗೆ ಬರುತ್ತಾನೆಂದು ಕೇಳಲು ಕಾರ್ಡ್‌ಲೆಸ್ ತೆಗೆದು ಅವನ ಹೆಸರು ಒತ್ತಿದೆ. ಸೊನ್ನೆ ಸೇರಿಸಿ ಎಂದು ಒಬ್ಬ ಹೆಂಗಸು ಹೇಳಿದಳು. ಮತ್ತೆ ಒತ್ತಿದೆ, ಮತ್ತೆ ಅವಳೇ. ಅಡಿಕೆ ಮರ ಹತ್ತುವವನನ್ನು ಬೆಳಿಗ್ಗೆ ಏಳರೊಳಗೆ ಹಿಡಿಯದಿದ್ದರೆ ಅವನು ಇನ್ನೊಬ್ಬರ ತೋಟದ ಮರದ ಮೇಲಿರುತ್ತಾನೆ. ಆ ದಿನ ಅವನು ಇನ್ನೊಬ್ಬರ ಮರದ ಮೇಲೆಯೇ ಇದ್ದ.

ಸಂಜೆ ಕುಳಿತು ಎಣಿಸಿದೆ. ಈ ಫೋನಿನಲ್ಲಿ ಐವತ್ತು ಹೆಸರು ಹಿಡಿಸುತ್ತವೆ, ನಮ್ಮದು ನಲವತ್ತೇಳು ಇದ್ದವು. ಊರಿನ ಸ್ಥಿರ ದೂರವಾಣಿಗಳು ಒಂಬತ್ತು, ಪರವೂರಿನವು ಏಳು, ಉಳಿದ ಮೂವತ್ತೊಂದು ಮೊಬೈಲುಗಳು. ಅವುಗಳಲ್ಲಿ ಎರಡು ಹೊರರಾಜ್ಯದವು, ಒಂದು ಪುಣೆಯ ಸೋದರಳಿಯನದು. ಅವಕ್ಕೆ ಸೊನ್ನೆ ಮೊದಲೇ ಇತ್ತು. ಬಾಕಿ ಇಪ್ಪತ್ತೊಂಬತ್ತು.

ಒಂದು ಸಂಖ್ಯೆಯ ಮೊದಲು ಸೊನ್ನೆ ಹಾಕುವುದು ಎಷ್ಟು ಹೊತ್ತಿನ ಕೆಲಸ? ಈ ಫೋನಿನಲ್ಲಿ ಹೀಗೆ: ಪುಸ್ತಕದ ಚಿತ್ರವಿರುವ ಗುಂಡಿ ಒತ್ತಬೇಕು, ಹೆಸರಿನವರೆಗೆ ಇಳಿಯಬೇಕು, ಮೆನು, ತಿದ್ದು, ಸರಿ. ಆಗ ಹೆಸರು ಬರುತ್ತದೆ. ಅದು ನಮಗೆ ಬೇಡ, ಮತ್ತೆ ಸರಿ. ಈಗ ಸಂಖ್ಯೆ ಬಂತು, ಗೆರೆ ಮಿಣುಕುವುದು ಅದರ ಬಾಲದಲ್ಲಿ. ತಲೆಗೆ ಹೋಗೋಣವೆಂದು ಎಡಗುಂಡಿ ಒತ್ತಿದರೆ ಅದು ಗೆರೆಯನ್ನು ಸರಿಸುವುದಿಲ್ಲ, ಅಂಕಿಯನ್ನೇ ಅಳಿಸುತ್ತದೆ! ಹಾಗಾಗಿ ಹತ್ತೂ ಅಂಕಿಗಳನ್ನು ಕಾಗದದಲ್ಲಿ ಬರೆದುಕೊಂಡು, ಅಳಿಸಿ, ಸೊನ್ನೆಯಿಂದ ಶುರುಮಾಡಿ ಹನ್ನೊಂದನ್ನೂ ಹೊಸದಾಗಿ ಒತ್ತಬೇಕು. ಉಳಿಸಿದ ಮೇಲೆ ಫೋನು ನಮ್ಮನ್ನು ಮೊದಲ ಹೆಸರಿಗೆ ತಂದು ನಿಲ್ಲಿಸುತ್ತದೆ. ಮುಂದಿನ ಹೆಸರಿಗೆ ಪುನಃ ಮೊದಲಿನಿಂದ ಇಳಿಯಬೇಕು. ಅಂಕಿಗುಂಡಿ ಒತ್ತಿದರೆ ಆ ಅಕ್ಷರಕ್ಕೆ ನೇರವಾಗಿ ಹಾರಬಹುದೆಂದು ತಿಳಿದದ್ದು ಇಪ್ಪತ್ತನೆಯ ಹೆಸರಿನ ಹೊತ್ತಿಗೆ.

ಹೆಸರುಗಳದ್ದು ಇನ್ನೊಂದು ತಾಪತ್ರಯ. ಪರದೆಯಲ್ಲಿ ಕನ್ನಡ ಬರುವುದಿಲ್ಲ. ಇಂಗ್ಲಿಷ್ ಅಕ್ಷರ ಒಂದಕ್ಕೆ ಮೂರು ಸಲ ಒತ್ತುವುದು ಯಾರಿಗೆ ಬೇಕೆಂದು ಮಾವನವರು ಎಲ್ಲರನ್ನೂ ಎರಡೆರಡು ಅಕ್ಷರಕ್ಕೆ ಇಳಿಸಿದ್ದರು. ಕೊನೆಗೌಡ 'ಕೆ ಜಿ', ಪಶುವೈದ್ಯರು 'ಪಿ ವಿ'. 2019ರಲ್ಲಿ ಅವರು ತೀರಿಕೊಂಡರು, ಅಕ್ಷರಗಳ ಅರ್ಥ ಕೇಳಲು ಯಾರೂ ಇರಲಿಲ್ಲ. 'ಎಸ್ ಬಿ 2' ಎಂದು ಒಂದಿತ್ತು. ಸ್ಟೇಟ್ ಬ್ಯಾಂಕಿನ ಎರಡನೆಯ ಸಂಖ್ಯೆ ಎಂದುಕೊಂಡು, ಸೊನ್ನೆ ಹಾಕುವ ಮೊದಲು ಖಚಿತ ಮಾಡಿಕೊಳ್ಳೋಣವೆಂದು ಕರೆ ಮಾಡಿದೆ. ಠೇವಣಿಯ ಬಡ್ಡಿ ಈಗ ಎಷ್ಟಿದೆ ಎಂದು ಕೇಳಿದೆ. ಆ ಕಡೆಯವರು ಸ್ವಲ್ಪ ಯೋಚಿಸಿ, "ಎಷ್ಟು ಜನಕ್ಕೆ ಊಟ ಅಂತ ಹೇಳಿ, ನಾನು ಲೆಕ್ಕ ಹಾಕುತ್ತೇನೆ" ಎಂದರು. ಸೋಂದಾ ಕಡೆಯ ಅಡುಗೆ ಭಟ್ಟರು. ಮೊದಲನೆಯ ಎಸ್ ಬಿ ಯಾರೆಂಬುದು ಅವರಿಗೂ ಗೊತ್ತಿರಲಿಲ್ಲ.

ಎರಡು ಸಂಜೆಗಳಲ್ಲಿ ಕೆಲಸ ಮುಗಿಯಿತು. ಮೂರನೆಯ ದಿನ ಹೊಸದೊಂದು ಶುರುವಾಯಿತು. ಕರೆ ಬಂದಾಗ ಪರದೆಯಲ್ಲಿ ಯಾರ ಹೆಸರೂ ಕಾಣುತ್ತಿಲ್ಲ, ಬರೀ ಅಂಕಿಗಳು. ಮಗನ ಕರೆಗೂ ಅಂಕಿ, ಭಟ್ಟರ ಕರೆಗೂ ಅಂಕಿ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ನಮ್ಮ ಲೈನಿಗೆ ಬರುವ ಕರೆಯ ಸಂಖ್ಯೆ ಸೊನ್ನೆ ಇಲ್ಲದ ಹತ್ತು ಅಂಕಿ. ನಾನು ಉಳಿಸಿದ್ದು ಸೊನ್ನೆ ಸೇರಿದ ಹನ್ನೊಂದು. ಎರಡೂ ಒಬ್ಬರದೇ ಎಂದು ಊಹಿಸುವಷ್ಟು ಬುದ್ಧಿ ಈ ಫೋನಿಗಿಲ್ಲ. ಪುಣೆಯ ಅಳಿಯನ ಹೆಸರು ಮೊದಲಿನಿಂದಲೂ ಏಕೆ ಮೂಡುತ್ತಿರಲಿಲ್ಲ ಎಂಬುದು ಐದು ವರ್ಷಗಳ ಮೇಲೆ ಅಂದು ಬಗೆಹರಿಯಿತು. ಅವನೇ ಏನೋ ಗುಟ್ಟು ಮಾಡಿಕೊಂಡಿದ್ದಾನೆಂದು ಅತ್ತೆ ಅನುಮಾನಿಸಿದ್ದರು.

ಅಂದರೆ ಸೊನ್ನೆ ಹಾಕಿದರೆ ಕರೆ ಹೋಗುತ್ತದೆ, ಹೆಸರು ಬರುವುದಿಲ್ಲ. ತೆಗೆದರೆ ಹೆಸರು ಬರುತ್ತದೆ, ಕರೆ ಹೋಗುವುದಿಲ್ಲ. ಎರಡು ರೀತಿಯಲ್ಲೂ ಬರೆದಿಡೋಣವೆಂದರೆ ಖಾಲಿ ಇರುವುದು ಮೂರೇ ಜಾಗ. ತಪ್ಪಿದ ಕರೆಗಳ ಪಟ್ಟಿಯಿಂದ ತಿರುಗಿ ಕರೆ ಮಾಡುವುದಂತೂ ನಿಂತೇ ಹೋಗಿತ್ತು, ಅಲ್ಲಿರುವುದೆಲ್ಲ ಸೊನ್ನೆಯಿಲ್ಲದ ಸಂಖ್ಯೆಗಳೇ.

ಕೈಪಿಡಿ ಹುಡುಕಿದೆ. ಸಿಕ್ಕಿದ್ದು ಪಂಚಾಂಗಗಳ ಕಟ್ಟಿನೊಳಗೆ. ಕೊನೆಯ ಪುಟಗಳಲ್ಲಿ, ಕಚೇರಿಯ ಒಳ ಲೈನುಗಳಿಗಾಗಿ ಎಂಬ ತಲೆಬರಹದ ಕೆಳಗೆ, 'ಪೂರ್ವ ಅಂಕಿ' ಹೊಂದಿಸುವ ವ್ಯವಸ್ಥೆ ಇತ್ತು. ದೊಡ್ಡ ಕಚೇರಿಗಳಲ್ಲಿ ಹೊರಗಿನ ಕರೆಗೆ ಮೊದಲು 0 ಅಥವಾ 9 ಒತ್ತುವ ಪದ್ಧತಿ ಇದೆಯಲ್ಲ, ಅದನ್ನು ಫೋನೇ ಒತ್ತಿಕೊಡುವ ಏರ್ಪಾಡು. ಅಲ್ಲಿ ಸೊನ್ನೆ ತುಂಬಿದರೆ, ಉಳಿಸಿದ ಹೆಸರಿನಿಂದಲೋ ಕರೆಗಳ ಪಟ್ಟಿಯಿಂದಲೋ ಮಾಡುವ ಪ್ರತಿ ಕರೆಗೂ ತಾನೇ ಸೊನ್ನೆ ಸೇರಿಸುತ್ತದೆ. ಇಪ್ಪತ್ತೊಂಬತ್ತು ಸಂಖ್ಯೆಗಳನ್ನು ಮುಟ್ಟುವ ಅಗತ್ಯವೇ ಇರಲಿಲ್ಲ! ಇದನ್ನು ಮೊದಲ ಪುಟದಲ್ಲಿ ಹಾಕಬಾರದಿತ್ತೇ? 2016ರಲ್ಲಿ ಅಚ್ಚಾದ ಕೈಪಿಡಿಗೆ 2021 ಗೊತ್ತಿರಲಿಲ್ಲ ಎನ್ನೋಣ. ಆದರೆ ತಂಗಿ ಕಳಿಸಿದ ಹೊಸ ಮಾದರಿಯ ಕೈಪಿಡಿಯ ಚಿತ್ರದಲ್ಲೂ ಅದು ಕಚೇರಿಯ ತಲೆಬರಹದ ಕೆಳಗೇ ಕುಳಿತಿದೆ. ನನ್ನ ದೊಡ್ಡ ದೂರು ಇದೇ.

ಖುಷಿಯಿಂದ ಹೊಂದಿಸಿ ವೈದ್ಯರಿಗೆ ಕರೆ ಮಾಡಿದೆ. ಹೋಗಲಿಲ್ಲ. ನಾನು ಹಾಕಿದ್ದ ಸೊನ್ನೆ ಒಂದು, ಫೋನು ಹಾಕಿದ ಸೊನ್ನೆ ಇನ್ನೊಂದು. ಎರಡು ಸೊನ್ನೆ ಎಂದರೆ ವಿದೇಶ. ವೈದ್ಯರ ಸಂಖ್ಯೆ 94ರಿಂದ ಶುರುವಾಗುತ್ತದೆ, 0094 ಎಂದರೆ ಶ್ರೀಲಂಕಾ. ನಮ್ಮ ಲೈನಿಗೆ ವಿದೇಶದ ಸೌಲಭ್ಯ ಇಲ್ಲದ್ದರಿಂದ ನಮ್ಮ ಎಮ್ಮೆಯ ಕೆಚ್ಚಲು ಬಾವಿನ ಸಮಾಚಾರ ಕೊಲಂಬೊ ತಲುಪುವುದು ತಪ್ಪಿತು.

ಪುನಃ ಎರಡು ಸಂಜೆ. ಹಾಕಿದ ಇಪ್ಪತ್ತೊಂಬತ್ತನ್ನೂ, ಹೊರರಾಜ್ಯದ ಎರಡನ್ನೂ, ಪರವೂರಿನ ಏಳು ದೂರವಾಣಿಗಳ ಕೋಡಿನ ಸೊನ್ನೆಯನ್ನೂ ತೆಗೆದೆ. ಉಳಿದದ್ದು ಊರಿನ ಒಂಬತ್ತು. ಆರಂಕಿಯ ಮೊದಲು ಸೊನ್ನೆ ಬಿದ್ದರೆ ಅವು ಎಲ್ಲಿಗೂ ಹೋಗುವುದಿಲ್ಲ. ಅವನ್ನು ಫೋನಿನಿಂದಲೇ ಅಳಿಸಿದೆ. ಕೈಯಲ್ಲಿ ಒತ್ತಿ ಮಾಡುವ ಕರೆಗೆ ಈ ಫೋನು ಸೊನ್ನೆ ಸೇರಿಸುವುದಿಲ್ಲ, ಅದೊಂದು ಪುಣ್ಯ. ನಮ್ಮ ಎಕ್ಸ್‌ಚೇಂಜಿನ ಎಲ್ಲರಿಗೂ ಮೊದಲ ಮೂರು ಅಂಕಿ ಒಂದೇ, ನೆನಪಿಡಬೇಕಾದದ್ದು ಉಳಿದ ಮೂರನ್ನು ಮಾತ್ರ. ಊರವರ ಸಂಖ್ಯೆಗಳು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ಈಗ ಹೆಸರು ಮೂಡುತ್ತದೆ, ಕರೆ ಹೋಗುತ್ತದೆ, ತಪ್ಪಿದ ಕರೆಗೂ ಒಂದೇ ಗುಂಡಿ ಸಾಕು. ತಂಗೀ, ತರುವುದಾದರೆ ತಾ. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಹೆಸರು ತುಂಬುವ ಮೊದಲೇ ಪೂರ್ವ ಅಂಕಿಯಲ್ಲಿ ಸೊನ್ನೆ ಹಾಕಿಕೋ, ಆಮೇಲೆ ಎಲ್ಲವನ್ನೂ ಹತ್ತು ಅಂಕಿಯಲ್ಲೇ ತುಂಬು. ನಿಮ್ಮಲ್ಲಿ ಫೈಬರ್ ಲೈನು ಬಂದಿದೆ ಎಂದೆಯಲ್ಲ, ಅದಕ್ಕೂ ಸೊನ್ನೆಯ ನಿಯಮ ಇದೇ. ಅಂಗಡಿಯಲ್ಲಿಯೇ ಒಂದು ಸಂಖ್ಯೆ ಉಳಿಸಿ, ತಿದ್ದಲು ಹೋಗಿ, ಎಡಗುಂಡಿ ಒತ್ತಿ ನೋಡು. ಗೆರೆ ಸರಿದರೆ ಇನ್ನೊಂದು ಅಂಕ ಸೇರಿಸಿಕೋ.

ಹೋಲಿಕೆಗೆ ಒಂದು ಮಾತು: ಜಗುಲಿಯ ತಂತಿ ಫೋನಿನಲ್ಲಿ ಹೆಸರಿಲ್ಲ, ಪರದೆಯಿಲ್ಲ, ನೆನಪಿನ ಗುಂಡಿಗಳು ಮೂರೇ. ಮೊದಲನೆಯದು ಅತ್ತೆಯ ಮಗಳದು. ಅದಕ್ಕೆ ಸೊನ್ನೆ ಸೇರಿಸಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಅತ್ತೆಯನ್ನು ಒಪ್ಪಿಸಲು ಮಾತ್ರ ಒಂದು ವಾರ ಬೇಕಾಯಿತು. ತಿರುಗಿಸುವ ಫೋನಿದ್ದ ಕಾಲದಲ್ಲಿ ಆಳುಮಕ್ಕಳು, ಹುಡುಗರು ಪರವೂರಿಗೆ ಕರೆ ಮಾಡದಿರಲೆಂದು ಮಾವನವರು ಡಯಲಿನ ತೂತಿಗೆ ಪುಟ್ಟ ಬೀಗ ಹಾಕಿಸಿದ್ದರು. ಸೊನ್ನೆ ಎಂದರೆ ಎಸ್‌ಟಿಡಿ, ಎಸ್‌ಟಿಡಿ ಎಂದರೆ ಬಿಲ್ಲು. ಸೊನ್ನೆಗೆ ಬೇರೆ ದುಡ್ಡಿಲ್ಲ ಎಂದು ಎರಡು ತಿಂಗಳ ಬಿಲ್ಲು ತೋರಿಸಿದ ಮೇಲೆ ಅವರು ನಂಬಿದರು. ನಂಬಿದ್ದು ಸ್ವಲ್ಪ ಹೆಚ್ಚೇ ಆಯಿತು: ಈಗ ಕೆಳಗಿನ ಮನೆಯವರಿಗೆ ಮಜ್ಜಿಗೆ ಹುಳಿ ಕಳಿಸಿದ್ದೇನೆಂದು ಹೇಳಲೂ ಸೊನ್ನೆ ಒತ್ತಿ, ಆರಂಕಿ ಒತ್ತಿ, ಆ ಕಡೆಯಿಂದ ಏನೂ ಕೇಳಿಸದಿದ್ದಾಗ, "ಅವರ ಫೋನು ಹಾಳಾಗಿದೆ, ನೀನೇ ಹೋಗಿ ಹೇಳಿ ಬಾ" ಎಂದು ನನ್ನನ್ನು ಅಟ್ಟುತ್ತಾರೆ.