ಸಮುದ್ರಕ್ಕೆ ಮರಳು ಸುರಿದು ಮಾಡಿದ ದ್ವೀಪದಲ್ಲಿ ಫ್ಲಾಟ್ ಅಂತೆ: ಶಿವಮೊಗ್ಗದ ಪ್ರಾಪರ್ಟಿ ಶೋಗೆ ಹೋಗಿ ಬಂದೆ, 5ಕ್ಕೆ 2 ಸ್ಟಾರ್

ಹೋದ ತಿಂಗಳು ಶನಿವಾರ ಭಾನುವಾರ ಎರಡು ದಿನ ಶಿವಮೊಗ್ಗದ ಒಂದು ಹೋಟೆಲ್ ಹಾಲಲ್ಲಿ ದುಬೈ ಪ್ರಾಪರ್ಟಿ ಶೋ ಅಂತ ಇಟ್ಟಿದ್ರು. ಹೋಟೆಲ್ ಹೆಸರಾಗ್ಲಿ ಕಂಪನಿ ಹೆಸರಾಗ್ಲಿ ಬರೆಯಲ್ಲ, ಯಾಕಂದ್ರೆ ಈ ಥರ ಮಾರೋಕೆ ಬರೋರು ಇವರೊಬ್ಬರೇ ಅಲ್ಲ, ನಾಳೆ ಇನ್ನೊಬ್ರು ಬರ್ತಾರೆ, ಆಗ್ಲೂ ಈ ರಿವ್ಯೂ ಯಾರಿಗಾದ್ರೂ ಉಪಯೋಗಕ್ಕೆ ಬರ್ಬೇಕು. ನಮ್ಮ ಚಿಕ್ಕಪ್ಪಂಗೆ ಅಡಿಕೆ ಮಂಡಿಲಿ ಯಾರೋ ಪಾಂಪ್ಲೆಟ್ ಕೊಟ್ಟಿದ್ರು. ತೀರ್ಥಹಳ್ಳಿ ಕಡೆ ತೋಟ ಅವರದ್ದು, ಎರಡು ಮೂರು ವರ್ಷದಿಂದ ಎಲೆಚುಕ್ಕಿ ರೋಗ ಬಂದು ತೋಟ ಸೊರಗಿದೆ, ಮಗ ಬೆಂಗಳೂರಲ್ಲಿದಾನೆ, ತೋಟ ನೋಡ್ಕೊಳೋಕೆ ಬರಲ್ಲ ಅಂತ ಹೇಳಿಯಾಗಿದೆ, ಹಂಗಾಗಿ ಕೂಡಿಟ್ಟ ದುಡ್ಡನ್ನ ತೋಟ ಬಿಟ್ಟು ಬೇರೆ ಎಲ್ಲಾದ್ರೂ ಹಾಕ್ಬೇಕು ಅನ್ನೋದು ಅವರ ತಲೇಲಿ ಕೂತುಬಿಟ್ಟಿದೆ. "ನೀನು ದುಬೈ ನೋಡ್ಕೊಂಡು ಬಂದವನು, ಜೊತೆಗೆ ಬಾ ಮಾರಾಯ" ಅಂದ್ರು. ಚಿಕ್ಕಮ್ಮನೂ ಹೊರಟ್ರು. ಅವರು ಬಂದಿದ್ದು ಎಷ್ಟು ಒಳ್ಳೇದಾಯ್ತು ಅಂತ ಮುಂದೆ ಹೇಳ್ತೀನಿ.

ಮೊದಲು ಚೆನ್ನಾಗಿದ್ದಿದ್ದು ಹೇಳ್ಬಿಡ್ತೀನಿ. ಹಾಲ್ ಮಧ್ಯ ದೊಡ್ಡ ಮಾಡೆಲ್ ಇಟ್ಟಿದ್ರು, ನೀಲಿ ಗಾಜಿನ ಸಮುದ್ರ, ಅದರ ಮೇಲೆ ದ್ವೀಪ, ಸಣ್ಣ ಸಣ್ಣ ಬಿಲ್ಡಿಂಗ್, ಪ್ರತಿ ಫ್ಲಾಟಿಗೂ ಲೈಟು. ನಮ್ಮ ಜೊತೆ ಮಾತಾಡಿದ ಹುಡುಗಿ ಕನ್ನಡದಲ್ಲೇ ಹೇಳಿದ್ಳು, ಚಿಕ್ಕಪ್ಪಂಗೆ ಕೂತ್ಕೊಳಿ ಸರ್, ಕಾಫಿ ತಗೊಳಿ ಸರ್ ಅಂತ ಗೌರವದಿಂದ ನಡ್ಕೊಂಡ್ಲು. ಎಸ್ಕ್ರೋ ಅಕೌಂಟ್ ವಿಷಯನೂ ಸರಿಯಾಗೇ ಹೇಳಿದ್ಳು. ದುಬೈಲಿ 2007ರಿಂದ ಕಾನೂನಿದೆ, ಕಟ್ತಾ ಇರೋ ಬಿಲ್ಡಿಂಗಿಗೆ ಜನ ಕೊಡೋ ದುಡ್ಡು ಬಿಲ್ಡರ್ ಜೇಬಿಗೆ ನೇರ ಹೋಗಂಗಿಲ್ಲ, ಆ ಪ್ರಾಜೆಕ್ಟಿಗೆ ಅಂತಾನೇ ಇರೋ ಖಾತೆಗೆ ಹೋಗಿ ಕೆಲಸ ಆದಂಗೆ ಬಿಡುಗಡೆ ಆಗ್ಬೇಕು. ಇಲ್ಲಿ ರೆವಿನ್ಯೂ ಸೈಟ್ ತಗೊಂಡು ಖಾತೆ ಆಗದೆ ವರ್ಷಗಟ್ಟಲೆ ಅಲೀತಿರೋರನ್ನ ನೋಡಿದವರಿಗೆ ಇದು ಸಣ್ಣ ವಿಷಯ ಅಲ್ಲ. ಎರಡು ಸ್ಟಾರ್ ಕೊಟ್ಟಿದ್ದು ಇವಕ್ಕೇ.

ಇನ್ನು ಮಾಲಿನ ವಿಷಯ. ಒಂದು ಬೆಡ್‌ರೂಮಿನ ಫ್ಲಾಟು, 16 ಲಕ್ಷ ದಿರ್ಹಾಂ, ದಿರ್ಹಾಂಗೆ 24 ರೂಪಾಯಿ ಅಂತ ಅವರೇ ಹಿಡಿದ ಲೆಕ್ಕದಲ್ಲಿ 3 ಕೋಟಿ 84 ಲಕ್ಷ. ಮುಗಿಯೋಕೆ ನಾಲ್ಕು ವರ್ಷ. ದ್ವೀಪಕ್ಕೆ ಸದ್ಯಕ್ಕೆ ಬೋಟಲ್ಲೇ ಹೋಗ್ಬೇಕು, ಸೇತುವೆ ಮುಂದಿನ ಹಂತದಲ್ಲಂತೆ. ಎಷ್ಟು ಸಲ ಏನೇ ಕೇಳಿದ್ರೂ ಕೊನೆಗೆ ಒಂದೇ ಉತ್ತರ, "ಸರ್, ಪಾಮ್ ಜುಮೇರಾ ನೋಡಿ ಸರ್, ಅದೂ ಹಿಂಗೇ ಶುರುವಾಗಿದ್ದು."

ಪಾಮ್ ಜುಮೇರಾ ಅಂದ್ರೆ ದುಬೈ ದಡದಲ್ಲಿ ಸಮುದ್ರಕ್ಕೆ ಮರಳು ಸುರಿದು ಮಾಡಿದ ದ್ವೀಪ, ಅದನ್ನ ನಾನು ನೋಡಿದೀನಿ. ಅಕ್ಕ ಭಾವ ಶಾರ್ಜಾದಲ್ಲಿ ಇದಾರೆ, 2023ರಲ್ಲಿ ಹೋದಾಗ ಮೊನೋರೈಲಲ್ಲಿ ಆ ತುದಿ ತನಕ ಕರ್ಕೊಂಡು ಹೋಗಿದ್ರು. ನಿಜವಾಗ್ಲೂ ದೊಡ್ಡ ಕೆಲಸ ಅದು, ಅದರಲ್ಲಿ ಎರಡು ಮಾತಿಲ್ಲ. 2001ರಲ್ಲಿ ಶುರು ಮಾಡಿದ್ರು, ಸುಮಾರು 9.4 ಕೋಟಿ ಘನ ಮೀಟರ್ ಮರಳು ಹಾಕಿದಾರೆ. ನಮಗೆ ಅರ್ಥ ಆಗೋ ಲೆಕ್ಕದಲ್ಲಿ ಹೇಳ್ಬೇಕಂದ್ರೆ ಅದು 3.3 ಟಿಎಂಸಿ, ಅಂದ್ರೆ ನಮ್ಮ ಗಾಜನೂರು ಡ್ಯಾಮ್ ನೀರಿನ ಬದಲು ಪೂರ್ತಿ ಮರಳು ತುಂಬಿದ್ರೆ ಎಷ್ಟಾಗುತ್ತೋ ಹೆಚ್ಚುಕಮ್ಮಿ ಅಷ್ಟು. ಸುತ್ತ ಮರುಭೂಮಿನೇ ಇದ್ರೂ ಆ ಮರಳು ಆಗಲ್ಲ, ಗಾಳಿಗೆ ಉರುಳಿ ಉರುಳಿ ಕಾಳು ನುಣ್ಣಗಾಗಿರುತ್ತೆ, ಒಂದಕ್ಕೊಂದು ಕಚ್ಚಿ ಕೂರಲ್ಲ, ಹಂಗಾಗಿ ಸಮುದ್ರದ ತಳದಿಂದಲೇ ಹೀರಿ ತಂದು ಹಡಗಿಂದ ಸುರಿದಿದ್ದು. ಅಲೆ ತಡಿಯೋಕೆ ಸುತ್ತ 11 ಕಿಲೋಮೀಟರ್ ಕಲ್ಲಿನ ಒಡ್ಡು. ಮೊದ್ಲು ಒಡ್ಡನ್ನ ಎಲ್ಲೂ ಬಿಡದಂಗೆ ಸುತ್ತಿಬಿಟ್ಟಿದ್ರು, ಒಳಗಿನ ನೀರು ಓಡಾಡದೆ ನಿಂತು ಹಾಳಾಗೋ ಥರ ಆಯ್ತು, ಆಮೇಲೆ ಎರಡು ಕಡೆ ಒಡೆದು ದಾರಿ ಬಿಟ್ರು. ತೋಟದ ಕಪ್ಪು, ಅಂದ್ರೆ ನೀರು ಹರಿದು ಹೋಗೋ ಕಾಲುವೆ, ಕಟ್ಟಿಕೊಂಡ್ರೆ ಎಂತ ಆಗುತ್ತೆ ಅಂತ ಗೊತ್ತಿರೋ ಚಿಕ್ಕಪ್ಪಂಗೆ ಇದು ಹೇಳಿದ ತಕ್ಷಣ ಅರ್ಥ ಆಯ್ತು.

ಆದ್ರೆ ಪಾಮ್ ಜುಮೇರಾ ಗೆದ್ದಿದ್ದು ಮರಳಿಂದ ಅಲ್ಲ ಅನ್ಸುತ್ತೆ ನಂಗೆ, ದಾರಿಯಿಂದ. ಊರಿಗೆ ಅಂಟ್ಕೊಂಡೇ ಇದೆ, ಸೇತುವೆ ಇದೆ, ಕಾರಲ್ಲಿ ಹೊರಟ್ರೆ ಸ್ವಲ್ಪ ಹೊತ್ತಲ್ಲಿ ಶೇಖ್ ಜಾಯೆದ್ ರೋಡ್, ಆಫೀಸು, ಆಸ್ಪತ್ರೆ, ಸ್ಕೂಲು ಎಲ್ಲ. ಪಾಮ್ ಜುಮೇರಾ ಮಾಡಿದ ಅದೇ ನಖೀಲ್ ಕಂಪನಿ ಅದೇ ಸಮುದ್ರದಲ್ಲಿ ದಡದಿಂದ ಸುಮಾರು 4 ಕಿಲೋಮೀಟರ್ ದೂರ ಪ್ರಪಂಚದ ನಕ್ಷೆ ಥರ 300ರಷ್ಟು ದ್ವೀಪ ಮಾಡ್ತು, ದಿ ವರ್ಲ್ಡ್ ಅಂತ, 2003ರಲ್ಲಿ ಘೋಷಣೆ ಆಗಿದ್ದು. ಅಲ್ಲಿಗೆ ಸೇತುವೆ ಇಲ್ಲ. 2008ರಲ್ಲಿ ಪ್ರಪಂಚದ ಮಾರ್ಕೆಟ್ ಬಿತ್ತು, 2009ರ ನವೆಂಬರಲ್ಲಿ ನಖೀಲ್‌ನ ಮಾತೃ ಕಂಪನಿ ದುಬೈ ವರ್ಲ್ಡ್ ಸಾಲ ತೀರಿಸೋಕೆ ಟೈಮ್ ಕೊಡಿ ಅಂತ ಕೇಳ್ತು, ಅಬುಧಾಬಿಯವರು 1000 ಕೋಟಿ ಡಾಲರ್ ಕೊಟ್ಟು ಕೈ ಹಿಡಿದ್ರು. ಆ ದ್ವೀಪಗಳಲ್ಲಿ ಬಹುಪಾಲು ವರ್ಷಗಟ್ಟಲೆ ಬರೀ ಮರಳಿನ ದಿಬ್ಬ ಆಗೇ ಇದ್ವು. ಪಾಮ್ ಜೆಬೆಲ್ ಅಲಿ ಅಂತ ಇನ್ನೊಂದಿದೆ, 2002ರಲ್ಲಿ ಶುರು ಮಾಡಿ ನಿಲ್ಲಿಸಿದ್ದು, 2023ರಲ್ಲಿ ಹೊಸ ಪ್ಲಾನ್ ಮಾಡಿ ಮತ್ತೆ ಮಾರೋಕೆ ಶುರು ಮಾಡಿದಾರೆ. ಇಪ್ಪತ್ತೊಂದು ವರ್ಷ ಆಯ್ತು ಅಷ್ಟರಲ್ಲಿ. ಚಿಕ್ಕಪ್ಪಂಗೆ ಈಗ 61. ಶೋನಲ್ಲಿ ಇದ್ಯಾವುದೂ ಹೇಳ್ಲಿಲ್ಲ, ನಾನಾಗೇ ಎತ್ತಿದಾಗ "ಅದೆಲ್ಲ ಹಳೇದು ಸರ್" ಅಂದ್ರು.

ಚಿಕ್ಕಮ್ಮ ಅಲ್ಲೀತನಕ ಸುಮ್ನೆ ಮಾಡೆಲ್ ನೋಡ್ತಾ ಇದ್ರು. ಅವರ ತವರು ಸಾಗರ ತಾಲೂಕು ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ. ಆ ಹುಡುಗಿ ಹತ್ರ ಒಂದೇ ಒಂದು ಕೇಳಿದ್ರು, "ಅಲ್ಲಮ್ಮಾ, ರಾತ್ರಿ ಹನ್ನೆರಡು ಗಂಟೆಗೆ ಯಾರಿಗಾದ್ರೂ ಎದೆನೋವು ಬಂತು ಅಂದ್ರೆ ಇಲ್ಲಿಂದ ಆಸ್ಪತ್ರೆಗೆ ಹೆಂಗೆ ಹೋಗ್ತಾರೆ?" ಅವಳು ಪಕ್ಕದ ಮ್ಯಾನೇಜರನ್ನ ಕೇಳಿದ್ಳು, ಅವರು ಎರಡನೇ ಹಂತದಲ್ಲಿ ಹೆಲಿಪ್ಯಾಡ್ ಬರುತ್ತೆ ಮೇಡಮ್ ಅಂದ್ರು. ಚಿಕ್ಕಮ್ಮ ಮತ್ತೇನೂ ಮಾತಾಡ್ಲಿಲ್ಲ. ಲಿಂಗನಮಕ್ಕಿ ಡ್ಯಾಮ್ 1964ರಲ್ಲಿ ಆಗಿದ್ದು, ಅವರಪ್ಪನ ಗದ್ದೆ ಮನೆ ಎಲ್ಲ ನೀರಡಿಗೆ ಹೋಯ್ತು, ಗುಡ್ಡ ಹತ್ತಿ ಮೇಲೆ ಮನೆ ಕಟ್ಕೊಂಡ್ರು, ಸುತ್ತ ನೀರು. ಆಮೇಲೆ ಪೂರಾ ಜೀವನ ಲಾಂಚಿನ ಟೈಮ್ ನೋಡ್ಕೊಂಡೇ ನಡೀಬೇಕು, ಮದುವೆ ದಿಬ್ಬಣ ಆಗ್ಲಿ ಬಾಣಂತಿ ಆಗ್ಲಿ ಹೆಣ ಆಗ್ಲಿ. ರಾತ್ರಿ ಲಾಂಚ್ ಇಲ್ಲ. ಬೇಸಿಗೆಲಿ ನೀರು ಇಳಿದ್ರೆ ಗಾಡಿ ಹತ್ತಿಸಲ್ಲ. ಅವರಪ್ಪಂಗೆ ಹುಷಾರಿಲ್ಲದ ರಾತ್ರಿ ಲಾಂಚ್ ಹತ್ತೋ ಹೊಳೆಬಾಗಿಲಲ್ಲಿ ಬೆಳಗಾಗೋದನ್ನೇ ಕಾಯ್ಕೊಂಡು ಜೀಪಲ್ಲಿ ಕೂತಿದ್ದನ್ನ ಚಿಕ್ಕಮ್ಮ ವಾಪಸ್ ಬರ್ತಾ ಕಾರಲ್ಲಿ ಹೇಳಿದ್ರು, ನಾನು ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಆ ಹಿನ್ನೀರಿಗೆ ಕಟ್ಟಿದ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಓಪನ್ ಆಗಿದ್ದು 2025ರ ಜುಲೈ 14ಕ್ಕೆ, 2.44 ಕಿಲೋಮೀಟರ್ ಸೇತುವೆ, ಅದಕ್ಕೆ ಅರವತ್ತು ವರ್ಷ ಕಾದಿದಾರೆ ಜನ. ಸೇತುವೆ ಮುಂದಿನ ಹಂತದಲ್ಲಿ ಅಂತ ಯಾರಾದ್ರೂ ಹೇಳಿದ್ರೆ ಚಿಕ್ಕಮ್ಮಂಗೆ ಅದು ಎಂತ ಅಂತ ಮೈಯಲ್ಲೇ ಗೊತ್ತು.

ದ್ವೀಪ ಅಂದ್ರೆ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪನೂ ಹೂಳೆತ್ತಿದ ಮಣ್ಣಲ್ಲೇ ಮಾಡಿದ್ದು, ಬಂದರಿಗೆ ಅಂತ ಮಾಡಿದ್ದಕ್ಕೆ ಕೆಲಸ ಅಲ್ಲೇ ಇತ್ತು, ಸೇತುವೆ ರೈಲು ಎಲ್ಲ ಬಂತು, ಅದು ಬದುಕ್ತು. ಮಲೇಷ್ಯಾದ ಜೋಹೋರಲ್ಲಿ ಫಾರೆಸ್ಟ್ ಸಿಟಿ ಅಂತ ಚೀನಾದ ಕಂಟ್ರಿ ಗಾರ್ಡನ್ ಕಂಪನಿ ನಾಲ್ಕು ದ್ವೀಪ ಮಾಡಿ 7 ಲಕ್ಷ ಜನ ಇರ್ತಾರೆ ಅಂತ ಹೊರಟಿತ್ತು, ಚೀನಾದಿಂದ ದುಡ್ಡು ಹೊರಗೆ ತರೋದು ಕಷ್ಟ ಆಯ್ತು, 2018ರಲ್ಲಿ ಅಲ್ಲಿನ ಪ್ರಧಾನಿ ಮಹಾತಿರ್ ವಿರೋಧ ಮಾಡಿದ್ರು, 2023ರಲ್ಲಿ ಕಂಪನಿನೇ ಸಾಲ ಕಟ್ಟೋಕಾಗದೆ ಕೂತ್ತು, ಕಟ್ಟಿದ ಬಿಲ್ಡಿಂಗುಗಳಲ್ಲಿ ಬಹುಪಾಲು ಕಡೆ ರಾತ್ರಿ ದೀಪ ಹಚ್ಚೋರಿಲ್ಲ. ಇನ್ನು ನಮ್ಮ ಪಕ್ಕದ ಕೇರಳದ ಮರಡು ನೆನಪಿರ್ಬಹುದು, ಅದು ದ್ವೀಪ ಮಾಡಿದ ಕಥೆ ಅಲ್ಲ, ಆದ್ರೆ ಹಿನ್ನೀರಿನ ದಡದ ಲಕ್ಸುರಿ ಫ್ಲಾಟು, ಕರಾವಳಿ ನಿಯಮ ಮುರಿದು ಕಟ್ಟಿದಾರೆ ಅಂತ ಸುಪ್ರೀಂ ಕೋರ್ಟ್ ಆದೇಶ ಆಗಿ 2020ರ ಜನವರಿ 11 ಮತ್ತು 12ಕ್ಕೆ ನಾಲ್ಕೂ ಕಾಂಪ್ಲೆಕ್ಸ್ ಉರುಳಿಸಿದ್ರು. ತಗೊಂಡವರು ರಿಜಿಸ್ಟ್ರೇಷನ್ ಮಾಡಿಸಿ ಕಂದಾಯ ಕಟ್ಕೊಂಡು ಇದ್ದವರೇ.

ಮಣ್ಣು ಕೂರೋ ವಿಷಯಕ್ಕೆ ಬರ್ತೀನಿ, ಇದು ನಮ್ಮವರಿಗೆ ಯಾರೂ ಹೇಳ್ಕೊಡ್ಬೇಕಿಲ್ಲ. ಗದ್ದೆಗೆ ಮಣ್ಣು ಹೊಡೆಸಿ ಸೈಟ್ ಮಾಡಿ ಅದೇ ವರ್ಷ ಮನೆ ಕಟ್ಟಿದೋರ ಗೋಡೆ ನೋಡಿದೀವಿ, ಎರಡು ಮಳೆಗಾಲ ಆದ್ರೂ ಬಿಡ್ಬೇಕು ಅಂತ ಮೇಸ್ತ್ರಿಗಳೇ ಹೇಳ್ತಾರೆ. ಸಮುದ್ರದಲ್ಲೂ ಅದೇ ಪ್ರಶ್ನೆ, ಮೇಲೆ ಹಾಕಿದ ಮರಳಿಗಿಂತ ಕೆಳಗೆ ಎಂತ ಇದೆ ಅನ್ನೋದೇ ಮುಖ್ಯ. ಜಪಾನಿನ ಕನ್ಸಾಯ್ ಏರ್‌ಪೋರ್ಟ್ 1994ರಲ್ಲಿ ಮೆತ್ತನೆ ಜೇಡಿಯ ಮೇಲೆ ಮಾಡಿದ ದ್ವೀಪದಲ್ಲಿ ಶುರುವಾಗಿದ್ದು, ದ್ವೀಪ ಮಾಡೋಕೆ ಶುರು ಮಾಡಿದಾಗಿಂದ ಇಲ್ಲೀತನಕ 10 ಮೀಟರ್‌ಗಿಂತ ಜಾಸ್ತಿ ಕುಸಿದಿದೆ, ಕಂಬಗಳನ್ನ ಜ್ಯಾಕ್ ಹಾಕಿ ಎತ್ತಿ ಎತ್ತಿ ಸರಿ ಮಾಡ್ಕೊಳ್ತಾರೆ, 2018ರ ಚಂಡಮಾರುತಕ್ಕೆ ರನ್‌ವೇ ಮೇಲೆ ಸಮುದ್ರ ಬಂತು. ಏರ್‌ಪೋರ್ಟಿಗೆ ದಿನಾ ಆದಾಯ ಇದೆ, ಜ್ಯಾಕ್ ಹಾಕ್ತಾರೆ. ಫ್ಲಾಟಿನ ದ್ವೀಪದಲ್ಲಿ ಒಡ್ಡಿನ ಕಲ್ಲು ಜಾರಿದ್ರೆ, ಬೀಚಿನ ಮರಳು ಕೊಚ್ಕೊಂಡು ಹೋದ್ರೆ, ಚರಂಡಿ ಪಂಪು ಕೆಟ್ರೆ ದುಡ್ಡು ಬರೋದು ಮನೆ ಮಾಲೀಕರ ಸರ್ವಿಸ್ ಚಾರ್ಜಿಂದ. ಅರ್ಧ ಫ್ಲಾಟ್ ಮಾರಾಟ ಆಗದೇ ಉಳಿದ್ರೆ ಆ ಖರ್ಚು ಯಾರ ಮೇಲೆ ಬೀಳುತ್ತೆ ಅಂತ ಕೇಳ್ದೆ, ಉತ್ತರ ಬರ್ಲಿಲ್ಲ. ಈ ಇಡೀ ವ್ಯವಹಾರ ಉಳಿಯುತ್ತಾ ಮುಳುಗುತ್ತಾ ಅನ್ನೋದು ಈ ಒಂದು ಪ್ರಶ್ನೆ ಮೇಲೇ ನಿಂತಿದೆ ಅಂತ ನಾನು ನಂಬಿದೀನಿ. ಚರಂಡಿ ಪಂಪು ಅಂದಿದ್ದು ಯಾಕಂದ್ರೆ, 2024ರ ಏಪ್ರಿಲ್ 16ಕ್ಕೆ ಯುಎಇಯ ಅಲ್ ಐನ್ ಊರಿನ ಕಡೆ ಒಂದೇ ದಿನ 254 ಮಿಲಿಮೀಟರ್ ಮಳೆ ಬಿತ್ತು, ಆಗುಂಬೆಯವರಿಗೆ ಅದು ಆಷಾಢದ ಒಂದು ಜೋರು ದಿನ, ಅಲ್ಲಿ 75 ವರ್ಷದ ದಾಖಲೆ, ಅದೇ ಮಳೆಗೆ ದುಬೈನಲ್ಲಿ ರೋಡು ಏರ್‌ಪೋರ್ಟು ಎಲ್ಲ ನೀರು.

ದುಡ್ಡು ಕಳಿಸೋ ಲೆಕ್ಕ ಅವರು ಪೂರ್ತಿ ಹೇಳ್ಲಿಲ್ಲ, ಇದು ನಂಗೆ ತುಂಬಾ ಬೇಜಾರಾದ ವಿಷಯ. ಬುಕಿಂಗ್‌ಗೆ 20 ಪರ್ಸೆಂಟ್, ಜೊತೆಗೆ ಅಲ್ಲಿನ ಭೂ ಇಲಾಖೆಗೆ 4 ಪರ್ಸೆಂಟ್, ಒಟ್ಟು ಹತ್ತಿರ ಹತ್ತಿರ 92 ಲಕ್ಷ ಮೊದಲ ಸಲಕ್ಕೇ ಹೋಗ್ಬೇಕು. ಎಲ್‌ಆರ್‌ಎಸ್ ಅನ್ನೋ, ವಿದೇಶಕ್ಕೆ ದುಡ್ಡು ಕಳಿಸೋ ಆರ್‌ಬಿಐ ಸ್ಕೀಮ್ ಪ್ರಕಾರ ಒಬ್ರು ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಕಳಿಸ್ಬಹುದು ಅಂದ್ರು, ಅದು ಸರಿ. ಆದ್ರೆ 10 ಲಕ್ಷ ರೂಪಾಯಿ ದಾಟಿದ ಮೇಲಿನ ದುಡ್ಡಿಗೆ ಬ್ಯಾಂಕಿನವರು 20 ಪರ್ಸೆಂಟ್ ಟಿಸಿಎಸ್ ಅಂತ ಮುಂಗಡವಾಗಿ ಟ್ಯಾಕ್ಸ್ ಹಿಡೀತಾರೆ, ಅಂದ್ರೆ 82 ಲಕ್ಷಕ್ಕೆ 16 ಲಕ್ಷದ ಮೇಲೆ ಕೈಯಿಂದ ಹೆಚ್ಚಿಗೆ ಇಡ್ಬೇಕು. ಚಿಕ್ಕಪ್ಪಂದು ಕೃಷಿ ಆದಾಯ, ಅದಕ್ಕೆ ಇನ್‌ಕಮ್ ಟ್ಯಾಕ್ಸೇ ಇಲ್ಲ, ಹಂಗಾಗಿ ಹೊಂದಿಸ್ಕೊಳೋಕೆ ಬೇರೆ ಟ್ಯಾಕ್ಸೂ ಇಲ್ಲ, ರಿಟರ್ನ್ ಹಾಕಿ ರೀಫಂಡಿಗೆ ಕಾಯ್ಬೇಕು. ದುಬೈಲಿ ಬಾಡಿಗೆಗೆ ಟ್ಯಾಕ್ಸ್ ಇಲ್ಲ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ರು, ಭಾರತದಲ್ಲಿ ವಾಸ ಇರೋರು ಆ ಬಾಡಿಗೆಗೆ ಇಲ್ಲಿ ಟ್ಯಾಕ್ಸ್ ಕಟ್ಬೇಕು, ಆಸ್ತಿನೂ ರಿಟರ್ನಲ್ಲಿ ತೋರಿಸ್ಬೇಕು, ತೋರಿಸದೇ ಇದ್ರೆ 10 ಲಕ್ಷ ದಂಡ ಹಾಕೋ ಕಾನೂನಿದೆ. ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ ಮ್ಯಾನೇಜರು "ತೋಟದ ಮೇಲೆ ಲೋನ್ ತೆಗೀರಿ ಸರ್" ಅಂದಿದ್ದು. ಪರಿಚಯದ ಬ್ಯಾಂಕಿನವರನ್ನ ಕೇಳಿದೆ, ಈ ಥರ ವಿದೇಶದಲ್ಲಿ ಆಸ್ತಿ ಮಾಡೋಕೆ ಎಲ್‌ಆರ್‌ಎಸ್‌ಲಿ ಕಳಿಸೋ ದುಡ್ಡಿಗೆ ಬ್ಯಾಂಕ್ ಸಾಲ ಕೊಡಂಗಿಲ್ಲ ಅಂತ ಆರ್‌ಬಿಐ ನಿಯಮನೇ ಇದೆಯಂತೆ. ಅಪ್ಪ ಅಜ್ಜಂದಿರು ಬೆಳೆಸಿದ ತೋಟ ಅಡ ಇಡಿ ಅಂತ ಗೊತ್ತಿಲ್ಲದ ಮನುಷ್ಯ ಇಷ್ಟು ಸಲೀಸಾಗಿ ಹೇಳಿದ್ದು ಕೇಳಿ ನಂಗೆ ಸಿಟ್ಟು ಬಂತು, ಅಲ್ಲೇ ಹೇಳ್ದೆ ಕೂಡ.

ಅವತ್ತೇ 2 ಲಕ್ಷ ಟೋಕನ್ ಕೊಟ್ರೆ ರೇಟಲ್ಲಿ 5 ಪರ್ಸೆಂಟ್ ಕಮ್ಮಿ, ಸಂಜೆ ಆರು ಗಂಟೆ ತನಕ ಮಾತ್ರ ಅಂದ್ರು. ಚಿಕ್ಕಪ್ಪ ಚೆಕ್‌ಬುಕ್ ತಂದಿದ್ರು, ಜೇಬಿಂದ ತೆಗೆದೂ ಇದ್ರು. ಚಿಕ್ಕಮ್ಮ ಅವರ ಕೈ ಮೇಲೆ ಕೈ ಇಟ್ಟು "ಹೋಗಣ, ಮಳೆ ಬರೋಂಗಿದೆ" ಅಂದ್ರು, ಎದ್ದು ಬಂದ್ವಿ. ಆಮೇಲೆ ದಿನಕ್ಕೆ ಮೂರು ನಾಲ್ಕು ಕಾಲ್ ಬರ್ತಾ ಇದೆ. ನಾನು ಅವರಿಗೆ ವಾಟ್ಸಾಪಲ್ಲಿ ಮೂರು ವಿಷಯ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದೀನಿ: ಸೇತುವೆಗೆ ದುಡ್ಡು ಯಾರು ಹಾಕ್ತಾರೆ ಯಾವಾಗ ಮುಗಿಸ್ತಾರೆ, ಒಡ್ಡು ಮತ್ತೆ ಬೀಚಿನ ರಿಪೇರಿ ಯಾರ ಜವಾಬ್ದಾರಿ ಅಂತ ಅಗ್ರಿಮೆಂಟಿನ ಯಾವ ಪುಟದಲ್ಲಿದೆ, ಮಾರಾಟ ಆಗದ ಫ್ಲಾಟುಗಳ ಸರ್ವಿಸ್ ಚಾರ್ಜ್ ಬಿಲ್ಡರ್ ಕಟ್ತಾರಾ ಇಲ್ವಾ. ಎರಡು ವಾರ ಆಯ್ತು, ಬ್ರೋಷರ್ ಮೂರು ಸಲ ಕಳಿಸಿದಾರೆ, ಉತ್ತರ ಕಳಿಸಿಲ್ಲ. ಚಿಕ್ಕಪ್ಪ ಪೂರ್ತಿ ಕೈ ಬಿಟ್ಟಿಲ್ಲ, ಉತ್ತರ ಬರ್ಲಿ ನೋಡೋಣ ಅಂತಾರೆ. ಬಂದ ದಿನ ಇಲ್ಲೇ ಕೆಳಗೆ ಬರೀತೀನಿ.