ಗಾಜು, ಸನ್‌ಮೈಕಾ, ಕೈಮಗ್ಗದ ಬಟ್ಟೆ: ಮೂರು ಮೌಸ್‌ಗಳನ್ನು ಓಡಿಸಿ ನೋಡಿದ್ದು

ಗದಗದ ನಮ್ಮ ಡಿಟಿಪಿ ಅಂಗಡಿಯ ಮೇಜಿಗೆ ಐದು ಮಿಲಿಮೀಟರ್ ದಪ್ಪದ ಗಾಜು ಹಾಸಿದೆ. ಅದರ ಕೆಳಗೆ ಲಗ್ನಪತ್ರಿಕೆಗಳ ಮಾದರಿಗಳು, ಕಾಗದದ ದರಪಟ್ಟಿ. ಮೌಸ್ ಪ್ಯಾಡ್ ಹರಿದ ಮೇಲೆ ಗಾಜಿನ ಮೇಲೆಯೇ ಕೆಲಸ ಸಾಗಿತ್ತು. ಒಂದು ದಿನ ಮುಳಗುಂದದ ಹಿರಿಯರೊಬ್ಬರು ಕರಡು ಪ್ರತಿ ನೋಡಿ, ‘ಈ ಶ್ರೀಕಾರದ ಬಾಲ ಯಾಕೆ ಹೀಗೆ ಮುರಿದಿದೆ, ತಮ್ಮಾ?’ ಎಂದು ಕೇಳಿದರು. ನೋಡಿದರೆ ಗೆರೆಯಲ್ಲಿ ನಿಜವಾಗಿಯೂ ಕೊಂಕು. ಕರ್ಸರ್ ಅಲ್ಲಿ ಒಂದು ಕ್ಷಣ ನಿಂತು ಆಮೇಲೆ ಜಿಗಿದಿತ್ತು. ‘ಎರಡು ದಿನ ಕೊಡಿ, ಯಜಮಾನರೇ’ ಎಂದು ಕೇಳಿಕೊಂಡು ಪರೀಕ್ಷೆಗೆ ಇಳಿದೆ.

ನನ್ನ ಬಳಿ ಇದ್ದದ್ದು ಕೆಂಪು ಬೆಳಕಿನ ಸಾಧಾರಣ ಮೌಸ್ ಮತ್ತು ಒಂದು ಲೇಸರ್ ಮೌಸ್. ಗಾಜಿನ ಮೇಲೂ ಓಡುವಂತೆ ಮಾಡಿದ, ಲಾಜಿಟೆಕ್ ಕಂಪನಿಯ ಡಾರ್ಕ್‌ಫೀಲ್ಡ್ ಮೌಸ್ ಅನ್ನು ಗೆಳೆಯನಿಂದ ತಂದೆ. ವಿಂಡೋಸ್‌ನಲ್ಲಿ ಕೈಯ ವೇಗಕ್ಕೆ ತಕ್ಕಂತೆ ಕರ್ಸರ್ ಓಟ ಬದಲಿಸುವ ಆಯ್ಕೆಯನ್ನು ಮೊದಲೇ ತೆಗೆದುಹಾಕಿದೆ. ಅದಿದ್ದರೆ ಇಂಥ ಪರೀಕ್ಷೆಗೆ ಅರ್ಥವಿಲ್ಲ. ಉಕ್ಕಿನ ಸ್ಕೇಲಿಗೆ ಒತ್ತಿಕೊಂಡು ಮೌಸ್ ಅನ್ನು 15 ಸೆಂಟಿಮೀಟರ್ ನಿಧಾನವಾಗಿ ಒಯ್ದು, ವೇಗವಾಗಿ ಹಿಂದಕ್ಕೆ ತರುವುದು. ಕರ್ಸರ್ ಹೊರಟ ಚುಕ್ಕೆಗೇ ಮರಳಿತೇ ಎಂದು ನೋಡುವುದು.

ಮೌಸ್‌ನ ಹೊಟ್ಟೆಯಲ್ಲಿರುವುದು ಪುಟ್ಟ ಕ್ಯಾಮೆರಾ. 1999ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಕೂಡ ಸೆಕೆಂಡಿಗೆ 1,500 ಚಿತ್ರ ತೆಗೆಯುತ್ತಿತ್ತು. ಒಂದು ಚಿತ್ರಕ್ಕೂ ಮುಂದಿನದಕ್ಕೂ ಮೇಲ್ಮೈಯ ತರಿ ಎಷ್ಟು ಸರಿದಿದೆ ಎಂಬುದೇ ಅದರ ಲೆಕ್ಕ. ತರಿಯೇ ಕಾಣದಿದ್ದರೆ ಲೆಕ್ಕ ತಪ್ಪುತ್ತದೆ.

ಗಾಜಿನ ಮೇಲೆ ಆದದ್ದು ಅದೇ. ಬೆಳಕು ಗಾಜನ್ನು ದಾಟಿ ಕೆಳಗಿಳಿಯುತ್ತದೆ; ಐದು ಮಿಲಿಮೀಟರ್ ಆಳದಲ್ಲಿರುವ ಪತ್ರಿಕೆ ಕ್ಯಾಮೆರಾಕ್ಕೆ ಮಸುಕು. ಕೆಂಪು ಮೌಸ್ ತಡವರಿಸಿತು, ಲೇಸರ್ ಕೂಡ ಕೈಕೊಟ್ಟಿತು. ಡಾರ್ಕ್‌ಫೀಲ್ಡ್ ಮಾತ್ರ ಪ್ರತಿ ಸಲವೂ ಚುಕ್ಕೆಗೆ ಮರಳಿತು. ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ದೂಳಿನ ಕಣ, ಕಣ್ಣಿಗೆ ಕಾಣದ ಗೀರುಗಳೇ ಅದಕ್ಕೆ ಗುರುತು. ಗಾಜು ಕನಿಷ್ಠ ನಾಲ್ಕು ಮಿಲಿಮೀಟರ್ ದಪ್ಪವಿರಬೇಕು ಎಂಬುದು ಕಂಪನಿಯ ಷರತ್ತು. ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದೆ, ಆಗಲೂ ಓಡಿತು. ಗಾಜಿನ ಮೇಜು ಬಿಡಲಾಗದವರಿಗೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ.

ಹೊಳಪಿನ ಕಡುಕಂದು ಸನ್‌ಮೈಕಾದ ಮೇಲೆ ಲೇಸರ್ ಗೆದ್ದಿತು. ಕೆಂಪು ಮೌಸ್‌ನ ಕರ್ಸರ್ ಅಲ್ಲಿ ಸಣ್ಣಗೆ ನಡುಗುತ್ತಿತ್ತು. ಹೊಳಪಿಲ್ಲದ ಸನ್‌ಮೈಕಾದಲ್ಲಿ ಮೂರೂ ಸಮ.

ಬೆಟಗೇರಿ ಕೈಮಗ್ಗದ ಹತ್ತಿ ಬಟ್ಟೆಯನ್ನು ಬಿಗಿಯಾಗಿ ಹಾಸಿದಾಗ ಲೆಕ್ಕ ತಿರುಗಿತು. ಹಾಸು-ಹೊಕ್ಕಿನ ಪ್ರತಿ ಎಳೆಯ ನೆರಳೂ ಕೆಂಪು ಮೌಸ್‌ಗೆ ಸಿಗುತ್ತದೆ, ಅದು ಸರಿಯಾಗಿ ಮರಳಿತು. ಲೇಸರ್ ಮೌಸ್ ವೇಗವಾಗಿ ಎಳೆದಾಗ ಒಂದು ದೂರ, ನಿಧಾನವಾಗಿ ಎಳೆದಾಗ ಇನ್ನೊಂದು ದೂರ ತೋರಿಸಿತು. ಅದರ ಬೆಳಕು ಎಳೆಗಳ ನಡುವೆ ಒಳಕ್ಕಿಳಿದು ಚದುರುತ್ತದೆ. ದುಬಾರಿ ಎಂದು ಲೇಸರ್ ಕೊಂಡು ಬಟ್ಟೆಯ ಪ್ಯಾಡ್ ಮೇಲೆ ಇಡುವುದು ಹಣ ಕೊಟ್ಟು ತೊಂದರೆ ತಂದಂತೆ.

ನನಗೆ ಹೆಚ್ಚು ಕಲಿಸಿದ್ದು ಒಂದು ಲಗ್ನಪತ್ರಿಕೆಯ ತುಂಡು. ಗಣಪತಿಯ ಚಿತ್ರ ಮುದ್ರಿಸಿದ ಬದಿಯಲ್ಲಿ ಕೆಂಪು ಮೌಸ್ ಅಲ್ಲಲ್ಲಿ ಜಾರಿತು. ಮಸೂರ ಹಿಡಿದು ನೋಡಿದರೆ ಸಾಲುಸಾಲಾಗಿ ಒಂದೇ ಬಗೆಯ ಶಾಯಿಯ ಚುಕ್ಕೆಗಳು. ಒಂದು ಚುಕ್ಕೆಯನ್ನು ಪಕ್ಕದ್ದೆಂದು ಎಣಿಸಿದರೆ ಮೌಸ್‌ನ ಕ್ಯಾಮೆರಾ ದಾರಿ ತಪ್ಪುವುದು ಸಹಜ. ಅದೇ ತುಂಡನ್ನು ಮಗುಚಿ ಹಾಕಿದೆ. ಹೊಳಪಿಲ್ಲದ, ಮುದ್ರಣವಿಲ್ಲದ ಆ ಬೆನ್ನಿನ ಮೇಲೆ ಎಲ್ಲಕ್ಕಿಂತ ಅಗ್ಗದ ಮೌಸ್ ಹತ್ತಕ್ಕೆ ಹತ್ತು ಸಲವೂ ಹೊರಟ ಚುಕ್ಕೆಗೇ ಮರಳಿತು.

ಶ್ರೀಕಾರವನ್ನು ಅದರ ಮೇಲೆಯೇ ಮತ್ತೆ ಬಿಡಿಸಿದೆ; ಬಾಲ ಒಂದೇ ಎಳೆತದಲ್ಲಿ ಬಂತು. ಡಾರ್ಕ್‌ಫೀಲ್ಡ್ ಮೌಸ್ ಗೆಳೆಯನಿಗೆ ಮರಳಿತು. ಮುದ್ರಣ ಕಾಶಿ ಎನಿಸಿಕೊಂಡ ಊರಿನಲ್ಲಿ ದಪ್ಪ ಹಾಳೆಯ ತುಂಡಿಗೆ ಬರವಿಲ್ಲ. ಕಟಿಂಗ್ ಯಂತ್ರದ ಪಕ್ಕದಲ್ಲಿ ಬಿದ್ದದ್ದನ್ನು ತಂದು ಗಾಜಿಗೆ ಟೇಪ್‌ನಿಂದ ಅಂಟಿಸಿಕೊಳ್ಳುತ್ತೇನೆ. ಅಂಗೈ ಬೆವರಿಗೆ ಅದೂ ಸವೆದು ಹೊಳಪೇರುತ್ತದೆ, ಹಾಗಾಗಿ ಹದಿನೈದು ದಿನಕ್ಕೊಮ್ಮೆ ಹೊಸ ತುಂಡು ಹಾಕುತ್ತೇನೆ.