ಎಡಚಿ ಮಗಳಿಗೆ ತಂದ ಚೀನೀ ಕುಂಚದ ಪೆಟ್ಟಿಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಅಂಗಡಿಯೊಂದರಲ್ಲಿ ಹೇಳಿ ತರಿಸಿದ ಚೀನೀ ಕುಂಚಬರಹದ ಪೆಟ್ಟಿಗೆಯನ್ನು ನನ್ನ ಹನ್ನೊಂದು ವರ್ಷದ ಮಗಳು ಎರಡು ತಿಂಗಳಿನಿಂದ ಬಳಸುತ್ತಿದ್ದಾಳೆ. 850 ರೂಪಾಯಿಯ ಈ ಪೆಟ್ಟಿಗೆಯಲ್ಲಿ ಎರಡು ಕುಂಚ, ಒಂದು ಮಸಿಕಡ್ಡಿ, ಅದನ್ನು ತೇಯುವುದಕ್ಕೆ ಅಂಗೈಯಗಲದ ಕಲ್ಲು, ಒಂದು ಕಟ್ಟು ತೆಳುಗಾಗದ ಮತ್ತು ಬರೀ ನೀರಿನಿಂದ ಬರೆಯುವ ಬಟ್ಟೆ ಇವೆ. ಮಗಳು ಎಡಚಿ. ಬಲಗೈಗೆಂದೇ ರೂಢಿಯಾದ ಈ ಬರಹವನ್ನು ಅವಳು ತನ್ನ ಕೈಯಿಂದಲೇ ಕಲಿಯಬಲ್ಲಳೇ ಎಂಬುದೊಂದೇ ನನಗಿದ್ದ ಪ್ರಶ್ನೆ.

ಜೊತೆಗಿರುವ ಕೈಪಿಡಿ ಇದಕ್ಕೆ ಉತ್ತರಿಸುವುದಿಲ್ಲ. ಅದರ ಎಲ್ಲ ಚಿತ್ರಗಳಲ್ಲೂ ಕುಂಚ ಹಿಡಿದಿರುವುದು ಬಲಗೈ. ಎಡಗೈಗೆ ಕಾಗದ ಒತ್ತಿ ಹಿಡಿಯುವ ಕೆಲಸ ಮಾತ್ರ. ಇದು ನನ್ನನ್ನು ನೋಯಿಸಿತು, ಏಕೆಂದರೆ ಹುಟ್ಟಿನಿಂದ ನಾನೂ ರೊಡ್ಡಗೈಯವಳೇ. ಎರಡನೆಯ ತರಗತಿಯಲ್ಲಿ ಗೆಣ್ಣಿನ ಮೇಲೆ ಬಿದ್ದ ಪಟ್ಟಿಯ ಏಟಿಗೆ ಬರವಣಿಗೆ ಬಲಗೈಗೆ ಹೋಯಿತು. ರೊಟ್ಟಿ ಬಡಿಯುವಾಗ ಮಾತ್ರ ಇಂದಿಗೂ ಎಡಗೈಯೇ ಮುಂದಾಗುತ್ತದೆ.

ಚೀನೀಯರು ಎಡವನ್ನು ಕೀಳಾಗಿ ಕಾಣುತ್ತಾರೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಲಾಗದು. ಮಗು ತಾನೇ ಉಣ್ಣುವಷ್ಟು ಬೆಳೆದಾಗ ಬಲಗೈ ಬಳಸಲು ಕಲಿಸಬೇಕು ಎಂದು ಅವರ ಪ್ರಾಚೀನ ಆಚಾರಗ್ರಂಥ ‘ಲಿ ಜಿ’ ವಿಧಿಸುತ್ತದೆ, ಮತ್ತು ‘ಎಡದಾರಿ’ ಎಂಬ ಅವರ ಪದಕ್ಕೆ ಅಡ್ಡದಾರಿ ಎಂದೇ ಅರ್ಥ. ಆದರೆ ಸಜ್ಜನನು ಮನೆಯಲ್ಲಿದ್ದಾಗ ಎಡವನ್ನು ಗೌರವಿಸುತ್ತಾನೆ, ಯುದ್ಧಕ್ಕೆ ಹೊರಟಾಗ ಬಲವನ್ನು ಎನ್ನುತ್ತದೆ ಅವರದೇ ಪ್ರಾಚೀನ ದಾರ್ಶನಿಕ ಲಾವೋತ್ಸುವಿನ ಗ್ರಂಥ. ಅಂದರೆ ಎಡ ಎಂಬ ದಿಕ್ಕಿಗೆ ಮರ್ಯಾದೆಯಿದ್ದರೂ ಎಡಗೈಯಿಂದ ಉಣ್ಣುವ, ಬರೆಯುವ ಮಗುವಿಗೆ ಅದು ಸಿಗಲಿಲ್ಲ. ನಮ್ಮಲ್ಲಿಯೂ ಹಾಗೆಯೇ: ಶರಣರ ಈ ನೆಲದಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿರಿಸಿ ಪೂಜಿಸುವ ಮನೆಯಲ್ಲೇ ಎಡಗೈಯಿಂದ ತುತ್ತೆತ್ತಿದ ಕೂಸಿಗೆ ಗದರಿಕೆ ತಪ್ಪುವುದಿಲ್ಲ.

ಇನ್ನು ಬಳಕೆಯ ಮಾತು. ಚೀನೀ ಅಕ್ಷರದ ಅಡ್ಡಗೀಟು ಎಡದಿಂದ ಬಲಕ್ಕೆ ಸಾಗಬೇಕು. ಬಲಗೈ ಅದನ್ನು ಸಲೀಸಾಗಿ ಎಳೆಯುತ್ತದೆ, ಎಡಗೈ ನೂಕಬೇಕಾಗುತ್ತದೆ. ಮೊದಲ ವಾರ ಮಗಳು ಕುಂಚವನ್ನು ಪೆನ್ನಿನಂತೆ ಓರೆಯಾಗಿ ಹಿಡಿದಿದ್ದಳು. ನೂಕಿದಾಗಲೆಲ್ಲ ಕೂದಲ ತುದಿ ಕಾಗದಕ್ಕೆ ಸಿಕ್ಕಿ ಎರಡಾಗಿ ಸೀಳಿ, ಗೀಟಿನ ನಡುವೆ ಬಿಳಿ ಬಿರುಕು ಕಾಣುತ್ತಿತ್ತು. ಕುಂಚವನ್ನು ಕಂಬದಂತೆ ನೇರವಾಗಿ ನಿಲ್ಲಿಸಿ ಹಿಡಿಯುವುದೇ ಈ ಬರಹದ ಸರಿಯಾದ ಕ್ರಮ, ಮತ್ತು ಹಾಗೆ ಹಿಡಿದಾಗ ಕೈ ಯಾವ ದಿಕ್ಕಿಗೆ ಹೋದರೂ ಕೂದಲು ಅದರ ಹಿಂದೆಯೇ ಬರುವುದರಿಂದ ಎಳೆಯುವ ಕೈಗೂ ನೂಕುವ ಕೈಗೂ ಹೆಚ್ಚು ಭೇದ ಉಳಿಯುವುದಿಲ್ಲ.

ಕೈಪಿಡಿಯ ಅಭ್ಯಾಸದ ಹಾಳೆಗಳು ಎಡದಿಂದ ಬಲಕ್ಕೆ ಸಾಲಾಗಿವೆ. ಹಾಗೆ ಬರೆದಾಗ ಹಸಿ ಮಸಿಯ ಮೇಲೆ ಅಂಗೈ ಹೊರಳಿ, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಕಪ್ಪಾಗುತ್ತಿತ್ತು. ಚೀನೀಯರ ಹಳೆಯ ಪದ್ಧತಿಯಲ್ಲಿ ಮೇಲಿನಿಂದ ಕೆಳಗಿಳಿಯುವ ಕಂಬಸಾಲುಗಳು ಪುಟದ ಬಲತುದಿಯಿಂದ ಆರಂಭವಾಗಿ ಎಡಕ್ಕೆ ಸಾಗುತ್ತವೆ. ಹಾಗೆ ಬರೆಸಿದ ದಿನ ಅವಳ ಅಂಗೈ ಖಾಲಿ ಕಾಗದದ ಮೇಲೆಯೇ ಇತ್ತು, ಎದ್ದಾಗ ಕೈ ಸ್ವಚ್ಛವಾಗಿತ್ತು. ಬಲಗೈ ಹಿರಿಯರು ಕಟ್ಟಿದ ಪದ್ಧತಿಯೊಂದು ಎಡಗೈಗೆ ಇಷ್ಟು ಚೆನ್ನಾಗಿ ಒಗ್ಗಿದ್ದನ್ನು ಕಂಡು ನನಗೆ ಬಹಳ ಸಂತೋಷವಾಯಿತು.

ಎಡಗೈ ಕುಂಚಕ್ಕೆ ಅಲ್ಲಿಯೇ ಒಬ್ಬ ದೊಡ್ಡ ಸಾಕ್ಷಿಯಿದ್ದಾನೆ. ಚಿತ್ರಕಾರ ಗಾವ್ ಫೆಂಗ್‌ಹಾನ್ 1737ರಲ್ಲಿ ಬಲಗೈಯ ಸ್ವಾಧೀನ ಕಳೆದುಕೊಂಡ ಮೇಲೆ ಎಡಗೈಯಿಂದಲೇ ಬರೆದು ಚಿತ್ರಿಸಿ, ‘ಎಡವನ್ನು ಗೌರವಿಸುವವನು’ ಎಂಬ ಅರ್ಥದ ಹೆಸರನ್ನು ತಾನೇ ಇಟ್ಟುಕೊಂಡ. ಕೈಪಿಡಿಯಲ್ಲಿ ಅವನಿಗೆ ಅರ್ಧ ಪುಟ ಕೊಟ್ಟಿದ್ದರೆ ಎಷ್ಟೋ ಮಕ್ಕಳಿಗೆ ಧೈರ್ಯವಾಗುತ್ತಿತ್ತು.

ಸಾಮಗ್ರಿಗಳಲ್ಲಿ ನೀರಿನ ಬಟ್ಟೆಯೇ ಎಲ್ಲಕ್ಕಿಂತ ಉತ್ತಮ. ಒದ್ದೆಯಾದಲ್ಲಿ ಕಪ್ಪಾಗಿ, ಒಣಗಿದಾಗ ಮತ್ತೆ ಬೆಳ್ಳಗಾಗುವ ಅದು, 40 ಡಿಗ್ರಿ ದಾಟಿದ ನಮ್ಮ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಕೆಲವೇ ನಿಮಿಷಗಳಲ್ಲಿ ಹೊಸ ಹಾಳೆಯಾಗುತ್ತಿತ್ತು. ಕಲ್ಲಿನ ಮೇಲೆ ತೇಯ್ದ ಮಸಿಯೂ ಅಷ್ಟೇ ಬೇಗ ಒಣಗುವುದರಿಂದ ಸ್ವಲ್ಪಸ್ವಲ್ಪವೇ ತೇಯ್ದುಕೊಳ್ಳುವುದು ಲೇಸು. ಕಾಗದ ಸಾಧಾರಣ. ಸಣ್ಣ ಕುಂಚ ಮೊದಲ ದಿನಗಳಲ್ಲಿ ಕೂದಲು ಉದುರಿಸಿತು, ದೊಡ್ಡದು ಗಟ್ಟಿಯಾಗಿದೆ.

ಎಡಗೈ ಮಕ್ಕಳಿರುವವರು ಇದನ್ನು ಅಳುಕದೆ ಕೊಳ್ಳಬಹುದು. ಕೈಪಿಡಿಯ ಚಿತ್ರಗಳನ್ನು ಮಗುವಿನ ಮುಂದೆ ಇಡದಿದ್ದರೆ ಸಾಕು. ಅಂಗಡಿಯವರಿಗೆ ಇನ್ನೊಂದು ದೊಡ್ಡ ಕುಂಚವನ್ನೂ ಇನ್ನೊಂದು ನೀರಿನ ಬಟ್ಟೆಯನ್ನೂ ತರಿಸಲು ಹೇಳಿಬಂದಿದ್ದೇನೆ. ಅವು ನನಗೆ, ಎಡಗೈಯಿಂದ ಬರೆಯಲು.